ಪಯಣಕ್ಕೆ ಹೊರಟ ಲೇಖನಿ

ಊರಿಗೆ ಹೊರಡುವಾಗ ಬಟ್ಟೆಬರೆ, ಔಷಧಿ, ವಿಭೂತಿ, ಟಿಕೆಟ್ಟು ಎಲ್ಲವನ್ನೂ ಎಣಿಸಿ ಇಟ್ಟುಕೊಳ್ಳುತ್ತೇವೆ. ಲೇಖನಿಯನ್ನು ಮಾತ್ರ ಯಾರೂ ಎಣಿಸುವುದಿಲ್ಲ. ಕೈಗೆ ಸಿಕ್ಕಿದ ಪೆನ್ನೊಂದನ್ನು ಜೇಬಿಗೆ ಸಿಕ್ಕಿಸಿ ಹೊರಟುಬಿಡುತ್ತೇವೆ. ಬೇಕಾದ ಗಳಿಗೆಯಲ್ಲಿ ಅದು ಬರೆಯುವುದಿಲ್ಲ. ಬೇಡವಾದ ಗಳಿಗೆಯಲ್ಲಿ ಬಿಳಿಯ ಅಂಗಿಯ ಮೇಲೆ ತಾನಾಗಿಯೇ ಬರೆದುಬಿಡುತ್ತದೆ!

ಮಂಗಳೂರಿನ ಬಜಪೆಯಿಂದ ಹೊರಡುವವರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ೧೯೫೧ರ ಡಿಸೆಂಬರಿನಲ್ಲಿ ಅಂದಿನ ಪ್ರಧಾನಿ ನೆಹರೂ ಅವರ ವಿಮಾನ ಬಂದಿಳಿದ ನಿಲ್ದಾಣವಿದು. ೨೦೧೦ರಲ್ಲಿ ಹೊಸ ಕಟ್ಟಡ ಕೆಂಜಾರಿನ ಕಡೆಗೆ ಬಂದರೂ ಜನರ ಬಾಯಲ್ಲಿ ಇಂದಿಗೂ ಅದು ‘ಬಜಪೆ ವಿಮಾನ ನಿಲ್ದಾಣ’ವೇ. ೨೦೦೬ರಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗಳಿಗೂ ಇದು ಪರಿಚಿತ ಬಾಗಿಲಾಯಿತು. ಇಲ್ಲಿಂದ ಹೊರಟವರು ಒಂದೋ ಆಕಾಶವೇರಬೇಕು, ಇಲ್ಲವೇ ಬಸ್ಸಿನಲ್ಲಿ ಘಟ್ಟವೇರಬೇಕು. ಎತ್ತರಕ್ಕೇರುವುದು ಎಲ್ಲ ಪೆನ್ನುಗಳಿಗೂ ಒಗ್ಗುವುದಿಲ್ಲ.

ಶಾಯಿ ಏಕೆ ಸೋರುತ್ತದೆ?

ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ ಸುಮಾರು ೧೮೦೦ರಿಂದ ೨೪೦೦ ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹೊಂದಿಸಿರುತ್ತಾರೆ. ೨೪೦೦ ಮೀಟರಿನಲ್ಲಿ ಈ ಒತ್ತಡ ಸಮುದ್ರಮಟ್ಟದ ಒತ್ತಡದ ಮುಕ್ಕಾಲು ಪಾಲಿನಷ್ಟು ಮಾತ್ರ. ಶಾಯಿ ಪೆನ್ನಿನ ಹೊಟ್ಟೆ ಅರ್ಧ ತುಂಬಿದ್ದರೆ ಉಳಿದರ್ಧದಲ್ಲಿ ಗಾಳಿ ಇರುತ್ತದೆ. ಹೊರಗಿನ ಒತ್ತಡ ತಗ್ಗಿದಂತೆ ಆ ಗಾಳಿ ಹಿಗ್ಗಿ ಶಾಯಿಯನ್ನು ನಿಬ್ಬಿನ ಕಡೆಗೆ ತಳ್ಳುತ್ತದೆ. ಅಂಗಿಯ ಜೇಬಿನಲ್ಲಿ ಮೂಡುವ ನೀಲಿಯ ಕಲೆಗೆ ಕಾರಣ ಇಷ್ಟೇ. ಬಜಪೆಯಿಂದ ಶಿರಾಡಿ ಘಟ್ಟ ಹತ್ತಿ ಸುಮಾರು ೯೦೦ ಮೀಟರ್ ಎತ್ತರದ ಸಕಲೇಶಪುರ ತಲುಪುವಷ್ಟರಲ್ಲಿಯೂ ಒತ್ತಡ ಹತ್ತನೆಯ ಒಂದು ಪಾಲಿನಷ್ಟು ಇಳಿದಿರುತ್ತದೆ. ಅಲ್ಲಿಯೂ ಇದೇ ಕಥೆ, ಸಣ್ಣ ಪ್ರಮಾಣದಲ್ಲಿ.

ಪರಿಹಾರವೂ ಸರಳವಾಗಿದೆ. ಶಾಯಿ ಪೆನ್ನನ್ನು ಒಯ್ಯುವುದಾದರೆ ಪೂರ್ತಿ ತುಂಬಿಸಿ ಒಯ್ಯಬೇಕು, ಇಲ್ಲವೇ ಪೂರ್ತಿ ಬರಿದು ಮಾಡಿ ತೊಳೆದು ಒಯ್ಯಬೇಕು. ಅರ್ಧ ತುಂಬಿದ್ದೇ ಅಪಾಯ. ವಿಮಾನ ಏರುವಾಗ ನಿಬ್ಬು ಮೇಲ್ಮುಖವಾಗಿರಲಿ. ಆಗ ಗಾಳಿ ನಿಬ್ಬಿನ ಬಳಿ ನಿಂತು, ಹಿಗ್ಗಿದಾಗ ಶಾಯಿಯನ್ನು ತಳ್ಳದೆ ತಾನೇ ಹೊರಹೋಗುತ್ತದೆ.

ಬಾಲ್ ಪೆನ್ನಿಗೆ ಈ ಕಷ್ಟವಿಲ್ಲ. ಅದರ ಶಾಯಿ ನೀರಿನಂತೆ ತೆಳುವಲ್ಲ, ಎಣ್ಣೆಯ ಅಂಶವುಳ್ಳ ಗಟ್ಟಿ ದ್ರವ. ರೀಫಿಲ್ಲಿನ ಹಿಂಬದಿ ತೆರೆದಿರುವುದರಿಂದ ಒಳಗೆ ಗಾಳಿ ಸೆರೆಯಾಗುವುದೂ ಇಲ್ಲ. ಹಂಗೇರಿಯ ಪತ್ರಕರ್ತ ಲಾಸ್ಲೊ ಬೀರೊ ೧೯೩೮ರಲ್ಲಿ ಬ್ರಿಟನ್ನಿನಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆ ಈ ಪೆನ್ನನ್ನು ಮೆಚ್ಚಿ ತರಿಸಿಕೊಂಡದ್ದು ಆಕಾಶದಲ್ಲಿಯೂ ಸೋರದೆ ಬರೆಯುತ್ತದೆ ಎಂಬ ಕಾರಣಕ್ಕೇ. ಇಂದು ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಪೆನ್ನಿನ ಹಿಂದೆ ಇಂಥದೊಂದು ಚರಿತ್ರೆಯಿದೆ.

ಮನೆಯಲ್ಲಿಯೇ ಪರೀಕ್ಷೆ

ಪಯಣಕ್ಕೆ ಒಂದು ವಾರ ಮೊದಲೇ ಮನೆಯಲ್ಲಿರುವ ಪೆನ್ನುಗಳನ್ನೆಲ್ಲ ಒಂದೆಡೆ ಸೇರಿಸಿ ಪರೀಕ್ಷಿಸುವುದು ಒಳ್ಳೆಯದು. ಮಕ್ಕಳಿಗೆ ಇದೊಂದು ಆಟವೂ ಹೌದು, ಪಾಠವೂ ಹೌದು.

ಮೊದಲನೆಯದು ಬರೆಯುವ ಪರೀಕ್ಷೆ. ಅಂಗಡಿಯ ಚೀಟಿಯ ಮೇಲೆ ಎರಡು ಗೀಟು ಎಳೆದು ನೋಡುವುದು ಪರೀಕ್ಷೆಯಲ್ಲ. ಒಂದು ಪುಟ ಪೂರ್ತಿ ಬರೆಯಬೇಕು. ಮಧ್ಯೆ ಅಕ್ಷರ ತಪ್ಪುವುದೇ, ಬೆರಳು ನೋಯುವುದೇ ಎಂಬುದು ಪುಟದ ಕೊನೆಯಲ್ಲಿ ತಿಳಿಯುತ್ತದೆ. ಬಾಲ್ ಪೆನ್ನಿಗೆ ತುಸು ಒತ್ತಿ ಬರೆಯಬೇಕು. ಜೆಲ್ ಪೆನ್ನಿಗೆ ಅಷ್ಟು ಬೇಡ. ಶಾಯಿ ಪೆನ್ನಿಗೆ ಎಲ್ಲಕ್ಕಿಂತ ಕಡಿಮೆ. ಬೆರಳಿನ ಗಂಟು ನೋಯುವ ಅಜ್ಜ ಅಜ್ಜಿಯರಿಗೆ ದಪ್ಪ ಹಿಡಿಕೆಯ ಜೆಲ್ ಪೆನ್ನು ಹಿತವೆನಿಸಬಹುದು. ಅದನ್ನು ಅವರ ಕೈಯಲ್ಲಿಯೇ ಬರೆಯಿಸಿ ನೋಡಬೇಕು.

ಎರಡನೆಯದು ನೀರಿನ ಪರೀಕ್ಷೆ. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಇದನ್ನು ಮರೆಯುವಂತಿಲ್ಲ. ಬರೆದ ಸಾಲು ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿರಿ. ಶಾಲೆಯ ಮಕ್ಕಳು ಬಳಸುವ, ತೊಳೆದರೆ ಹೋಗುವ ನೀಲಿ ಶಾಯಿ ಕೂಡಲೇ ಹರಡುತ್ತದೆ. ಬಾಲ್ ಪೆನ್ನಿನ ಅಕ್ಷರ ಬಹುಮಟ್ಟಿಗೆ ನಿಲ್ಲುತ್ತದೆ. ಜೆಲ್ ಪೆನ್ನುಗಳಲ್ಲಿ ಕೆಲವು ನಿಲ್ಲುತ್ತವೆ, ಕೆಲವು ಕರಗುತ್ತವೆ. ಹೊರಗಿನಿಂದ ನೋಡಿ ಹೇಳಲಾಗದು.

ಮೂರನೆಯದು ಜೇಬಿನ ಪರೀಕ್ಷೆ. ಪೆನ್ನನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ತಲೆಕೆಳಗಾಗಿ ಒಂದು ರಾತ್ರಿ ಇಡಿರಿ. ಬೆಳಿಗ್ಗೆ ಬಟ್ಟೆಯೇ ಉತ್ತರ ಹೇಳುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರು ಮುಚ್ಚಳದ ತುದಿಯಲ್ಲಿ ರಂಧ್ರವಿದೆಯೇ ಎಂದೂ ನೋಡಬೇಕು. ಅಕಸ್ಮಾತ್ ಮಗು ಅದನ್ನು ನುಂಗಿ ಗಂಟಲಲ್ಲಿ ಸಿಕ್ಕಿದರೂ ಉಸಿರು ಪೂರ್ತಿ ಕಟ್ಟದಿರಲಿ ಎಂದೇ ಆ ರಂಧ್ರವನ್ನು ಇಟ್ಟಿರುತ್ತಾರೆ.

ಗೆದ್ದ ಪೆನ್ನುಗಳಲ್ಲಿ ಎರಡು ಸಾಕು: ಒಂದು ಬಾಲ್ ಪೆನ್ನು, ಜೊತೆಗೆ ಮನಸ್ಸಿಗೆ ಒಪ್ಪಿದ ಇನ್ನೊಂದು. ಯಾವ ಎತ್ತರಕ್ಕೂ ಮಳೆಗೂ ಅಂಜದ ಸೀಸದ ಕಡ್ಡಿಯೊಂದು ಚೀಲದ ಮೂಲೆಯಲ್ಲಿದ್ದರೆ ನಷ್ಟವಿಲ್ಲ. ೨೦೧೭ರ ಜುಲೈನಿಂದ ಭಾರತೀಯರು ವಿಮಾನದಲ್ಲಿ ದೇಶ ಬಿಡುವಾಗ ನಿರ್ಗಮನ ಚೀಟಿ ತುಂಬಬೇಕಿಲ್ಲ, ನಿಜ. ಆದರೆ ಮೊಬೈಲಿನ ಬ್ಯಾಟರಿ ಮುಗಿದ ಹೊತ್ತಿನಲ್ಲಿ ಮಗನ ಮನೆಯ ವಿಳಾಸ ಕಾಗದದ ಮೇಲಿದ್ದರೇ ಧೈರ್ಯ.

ನೆಲಕ್ಕೆ ಮರಳುವ ಪೆನ್ನು

ಬರೆದು ಮುಗಿದ ಪ್ಲಾಸ್ಟಿಕ್ ಪೆನ್ನು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗೆ ಬಜಪೆಗೆ ದೂರವಲ್ಲದ ಪಕ್ಷಿಕೆರೆಯಲ್ಲಿ ಒಂದು ಉತ್ತರ ರೂಪುಗೊಂಡಿತು. ಕಾಗದವನ್ನು ಸುರುಳಿ ಸುತ್ತಿ, ತುದಿಯಲ್ಲಿ ಬೀಜವಿಟ್ಟು ಅಲ್ಲಿ ಪೆನ್ನು ಮಾಡಿದರು. ಬರೆದು ಮುಗಿದ ಮೇಲೆ ರೀಫಿಲ್ ತೆಗೆದು ಮಣ್ಣಿನಲ್ಲಿ ಊರಿದರೆ ಗಿಡ ಮೊಳೆಯುತ್ತದೆ. ಪಡೆದುದನ್ನು ಮರಳಿ ಸಮಾಜಕ್ಕೆ ಸಲ್ಲಿಸಬೇಕೆಂಬ ದಾಸೋಹದ ಭಾವ ಬಲ್ಲ ನಮಗೆ ಇದು ಹೊಸ ಮಾತಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಬೀಜವನ್ನು ಒಳತರಲು ಅನೇಕ ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ. ಬೀಜದ ಪೆನ್ನು ನಮ್ಮ ನಾಡಿನೊಳಗಿನ ಪಯಣಕ್ಕಿರಲಿ, ಪರದೇಶಕ್ಕೆ ಬೇಡ.

ಶರಣರ ಕಟ್ಟುಗಳು

ಬರಹವನ್ನು ಹೊತ್ತು ನಡೆಯುವುದು ನಮ್ಮ ಪರಂಪರೆಯಲ್ಲಿ ಸಣ್ಣ ಸಂಗತಿಯಲ್ಲ. ಬಸವಣ್ಣನವರು ಬಿಜ್ಜಳನಲ್ಲಿ ಕರಣಿಕರಾಗಿದ್ದವರು. ಲೆಕ್ಕ ಬರೆಯುವುದೇ ಅವರ ಕಾಯಕವಾಗಿತ್ತು. ಅಂದಿನ ಲೇಖನಿ ಕಬ್ಬಿಣದ ಕಂಠ. ತಾಳೆಗರಿಯ ಮೇಲೆ ಕಂಠದಿಂದ ಕೊರೆದು, ಕಾಡಿಗೆ ಸವರಿ ಒರೆಸಿದರೆ ಅಕ್ಷರ ಕಪ್ಪಾಗಿ ಮೂಡುತ್ತಿತ್ತು. ಸೋರುವ ಶಾಯಿಯೇ ಇಲ್ಲದ ಬರಹ ಅದು. ಕಲ್ಯಾಣದ ಕ್ರಾಂತಿಯ ನಂತರ ಚನ್ನಬಸವಣ್ಣನವರೊಡನೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆಗೆ ನಡೆದರೆಂದು ಪರಂಪರೆ ಹೇಳುತ್ತದೆ. ಕಾಡು, ಹೊಳೆ, ಮಳೆಗಳನ್ನು ದಾಟುವಾಗ ಅಕ್ಷರ ಅಳಿಸಿಹೋಗಿದ್ದರೆ ನಮ್ಮ ಕೈಯಲ್ಲಿ ಇಂದು ಏನು ಉಳಿಯುತ್ತಿತ್ತು?

ಶತಮಾನಗಳ ನಂತರ ಡಾ. ಫ.ಗು. ಹಳಕಟ್ಟಿಯವರು (೧೮೮೦–೧೯೬೪) ಮನೆಮನೆಗಳಲ್ಲಿದ್ದ ತಾಳೆಗರಿ ಕಟ್ಟುಗಳನ್ನು ಹುಡುಕಿ, ಕೈಬರಹದಲ್ಲಿ ಪ್ರತಿ ಮಾಡಿ, ಪರಿಷ್ಕರಿಸಿದರು. ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಅವರು ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ್ದರೆಂದೂ ಅದು ಅಚ್ಚಾಗದೆ ಮರಳಿತೆಂದೂ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ವಿಜಯಪುರದಿಂದ ಕರಾವಳಿಗೆ ಬಂದು ಮತ್ತೆ ಘಟ್ಟ ಹತ್ತಿದ ಆ ಬರಹ ೧೯೨೩ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಇಂದು ನಾವು ಪುಸ್ತಕದಲ್ಲಿ ವಚನ ಓದುತ್ತಿರುವುದು ಅಂದು ಕೈಯಿಂದ ಬರೆದ ಅಕ್ಷರಗಳು ಪಯಣವನ್ನು ತಾಳಿಕೊಂಡದ್ದರಿಂದ.

ನಮ್ಮ ಮನೆಗಳಲ್ಲಿಯೂ ಇಂಥ ಕಟ್ಟುಗಳು ಉಂಟು. ಅಜ್ಜಿ ಹೇಳಿದ ಹಾಡು, ಮನೆತನದ ಹಿರಿಯರ ಹೆಸರುಗಳು, ತಾಯಿಯ ಕೈಬರಹದ ಅಡುಗೆಯ ಲೆಕ್ಕ. ಹೇಳುವವರು ಇರುವಾಗಲೇ ಬರೆದುಕೊಳ್ಳದಿದ್ದರೆ ಅವು ಅವರೊಡನೆಯೇ ಹೊರಟುಹೋಗುತ್ತವೆ. ಕೊಲ್ಲಿಯಲ್ಲಿರುವ ಮಗಳ ಮನೆಗೆ ಹೋದ ಅಜ್ಜಿಗೆ ಅಲ್ಲಿ ಬಿಡುವು ಬೇಕಾದಷ್ಟಿರುತ್ತದೆ. ಕೇಳುವ ಮೊಮ್ಮಕ್ಕಳೂ ಇರುತ್ತಾರೆ. ಅಜ್ಜಿ ಹೇಳಲಿ, ಮೊಮ್ಮಗು ಬರೆಯಲಿ. ಅದಕ್ಕೆಂದು ಒಂದು ನೋಟುಪುಸ್ತಕವನ್ನೂ, ನೀರಿನ ಪರೀಕ್ಷೆಯಲ್ಲಿ ಗೆದ್ದ ಒಂದು ಪೆನ್ನನ್ನೂ ಚೀಲದಲ್ಲಿಡಿರಿ.

ಬೆಲೆ ಹೆಚ್ಚಿದ ಪೆನ್ನೇ ಆಗಬೇಕೆಂದಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲ ಎಂದವರು ನಮ್ಮ ಹಿರಿಯರು. ಪೆನ್ನಿಗೂ ಅದೇ ಮಾತು ಸಲ್ಲುತ್ತದೆ. ಸೋರದೆ, ಅಳಿಯದೆ, ಬೇಕಾದಾಗ ಬರೆಯುವ ಲೇಖನಿಯೇ ಉತ್ತಮ ಲೇಖನಿ. ಮುಂದಿನ ಬಾರಿ ಬಜಪೆಗೆ ಹೊರಡುವ ಮುನ್ನ ವಿಭೂತಿಯೊಡನೆ ಅದನ್ನೂ ಎಣಿಸಿಕೊಳ್ಳಿರಿ.