ಕಾರಿನೊಳಗೆ ಚೆಲ್ಲಿದ ಹಾಲು: ವಾಸನೆ ಮುಚ್ಚಬೇಡಿ, ಮೂಲ ತೆಗೆಯಿರಿ

(ಕೃಷಿ ವಿಸ್ತರಣಾಧಿಕಾರಿಯೊಬ್ಬರಿಂದ)

ಹಾಲು, ತರಕಾರಿ, ಮೀನು ಇವೆಲ್ಲ ಎತ್ತಿನ ಗಾಡಿಯಲ್ಲೋ ಸೈಕಲ್ಲಿನ ಮೇಲೋ ಹೋಗುತ್ತಿದ್ದ ಕಾಲದಲ್ಲಿ ಚೆಲ್ಲಿದ್ದು ಮಣ್ಣಿಗೆ ಬೀಳುತ್ತಿತ್ತು, ಗಾಳಿಗೆ ಆರುತ್ತಿತ್ತು. ಈಗ ಅನೇಕ ರೈತ ಕುಟುಂಬಗಳಲ್ಲಿ ಹಳೆಯದೋ ಹೊಸದೋ ಒಂದು ಕಾರಿದೆ. ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ಸಂತೆಗೆ ಈರುಳ್ಳಿ ಮೂಟೆ, ಸಂಜೆ ಬಸುರಿ ಹೆಣ್ಣುಮಗಳನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಎಲ್ಲಕ್ಕೂ ಅದೇ ಗಾಡಿ. ಬಾಗಿಲು ಮುಚ್ಚಿದ ಈ ಡಬ್ಬಿಯೊಳಗೆ ಒಂದು ಲೀಟರ್ ಹಾಲು ಚೆಲ್ಲಿದರೆ ಅದರ ವಾಸನೆ ತಿಂಗಳುಗಟ್ಟಲೆ ಬಿಡುವುದಿಲ್ಲ.

ಇದನ್ನು ಸಣ್ಣ ವಿಷಯವೆಂದು ಕಡೆಗಣಿಸುವಂತಿಲ್ಲ. ಕಮಟು ವಾಸನೆಯ ಕಾರಿನಲ್ಲಿ ಕುಳಿತ ಬಸುರಿಯರಿಗೆ, ಮಕ್ಕಳಿಗೆ ಹತ್ತು ಮೈಲಿ ಹೋಗುವಷ್ಟರಲ್ಲಿ ವಾಂತಿ ಬರುತ್ತದೆ. ಮಾರಲು ಹೋದರೆ ಕೊಳ್ಳುವವರು ಬಾಗಿಲು ತೆರೆದ ಕೂಡಲೇ ಬೆಲೆ ಇಳಿಸುತ್ತಾರೆ. ಇವೆರಡಕ್ಕಿಂತ ಹೆಚ್ಚಿನ ನಷ್ಟ ಇಲಿಗಳಿಂದ. ಆಹಾರದ ವಾಸನೆ ಹಿಡಿದು ಬಂದ ಇಲಿ ಒಳಗೇ ಗೂಡು ಮಾಡುತ್ತದೆ, ವೈರುಗಳನ್ನು ಕಡಿಯುತ್ತದೆ. ಸ್ವಲ್ಪ ಸೋಡಾದಲ್ಲಿ ಮುಗಿಯುತ್ತಿದ್ದ ಕೆಲಸ ಸಾವಿರಾರು ರೂಪಾಯಿಗಳ ರಿಪೇರಿಗೆ ಮುಟ್ಟುತ್ತದೆ.

ವಾಸನೆಯ ಮೂಲ ಎಲ್ಲಿ?

ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಒಂದು ಲೀಟರ್ ಹಾಲು ಸೀಟಿನ ಮೇಲೆ ಚೆಲ್ಲಿದಾಗ ಈ ನೀರು ಒಂದೆರಡು ದಿನಗಳಲ್ಲಿ ಆರುತ್ತದೆ. ಆದರೆ ಕೊಬ್ಬು, ಸಸಾರಜನಕ, ಸಕ್ಕರೆ ಮತ್ತು ಲವಣಗಳು ಸೇರಿ ಸುಮಾರು 120 ಗ್ರಾಂ ಘನಪದಾರ್ಥ ಸ್ಪಂಜಿನೊಳಗೆ ಉಳಿಯುತ್ತದೆ. ಇದು ಸೂಕ್ಷ್ಮಜೀವಿಗಳಿಗೆ ಒಳ್ಳೆಯ ಆಹಾರ. ಅವು ಸಕ್ಕರೆಯನ್ನು ಹುಳಿಯಾಗಿಸುತ್ತವೆ, ಕೊಬ್ಬನ್ನು ಒಡೆದು ಬ್ಯುಟಿರಿಕ್ ಆಮ್ಲ ಮೊದಲಾದವನ್ನು ಬಿಡುತ್ತವೆ. ಕೆಟ್ಟ ಬೆಣ್ಣೆಯ ಕಮಟು ವಾಸನೆ ಈ ಆಮ್ಲದ್ದೇ. ಬೇಸಿಗೆಯ ಬಿಸಿಗೂ ಮಳೆಗಾಲದ ತೇವಕ್ಕೂ ಈ ಕೆಲಸ ಮತ್ತೆ ಚುರುಕಾಗುವುದರಿಂದ ಹೋಯಿತೆಂದುಕೊಂಡ ವಾಸನೆ ಮರಳಿ ಬರುತ್ತದೆ.

ಆದುದರಿಂದ ಮೊದಲು ತಿಳಿಯಬೇಕಾದ ಮಾತು ಇದು: ವಾಸನೆ ಗಾಳಿಯಲ್ಲಿ ಕಂಡರೂ ಅದರ ಬೇರು ಬಟ್ಟೆಯಲ್ಲಿ, ಸ್ಪಂಜಿನಲ್ಲಿ, ನೆಲಹಾಸಿನ ಕೆಳಗಿದೆ. ಸುಗಂಧದ ಡಬ್ಬಿ ತೂಗುಹಾಕುವುದು ಕಳೆಯ ತಲೆ ಸವರಿ ಬೇರು ಬಿಟ್ಟಂತೆ.

ಚೆಲ್ಲಿದ ಮೊದಲ ಗಂಟೆಯಲ್ಲಿ

ಹಾಲು ಚೆಲ್ಲಿದ ಕೂಡಲೇ ಗಾಡಿ ನಿಲ್ಲಿಸಿ, ಒಣ ಹತ್ತಿ ಬಟ್ಟೆಯನ್ನು ಒತ್ತಿ ಒತ್ತಿ ಹೀರಿಸಬೇಕು. ಉಜ್ಜಬಾರದು. ಉಜ್ಜಿದರೆ ಹಾಲು ಇನ್ನೂ ಆಳಕ್ಕೆ ಇಳಿಯುತ್ತದೆ. ನಂತರ ತಣ್ಣೀರನ್ನು ಸ್ವಲ್ಪ ಸ್ವಲ್ಪವಾಗಿ ಚಿಮುಕಿಸಿ, ಮತ್ತೆ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಹಿಂಡಿದ ನೀರು ತಿಳಿಯಾಗುವವರೆಗೆ ಇದನ್ನು ಮುಂದುವರಿಸಬೇಕು.

ಬಿಸಿನೀರನ್ನು ಮೊದಲೇ ಹಾಕುವುದು ತಪ್ಪು. ಹಾಲು, ಮೊಟ್ಟೆ, ಮಾಂಸದ ರಸ ಇವುಗಳ ಸಸಾರಜನಕ ಬಿಸಿಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ತಣ್ಣೀರಿನ ಕೆಲಸ ಮುಗಿದ ಮೇಲೆ, ಜಿಡ್ಡು ತೆಗೆಯಲು, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪನ್ನು ಸ್ವಲ್ಪವೇ ಬೆರೆಸಿ ಮೆದು ಬ್ರಷ್ಷಿನಿಂದ ತೊಳೆದು, ಸೋಪು ಉಳಿಯದಂತೆ ಒರೆಸಬೇಕು. ಸಾರು, ಉಪ್ಪಿನಕಾಯಿಯ ಎಣ್ಣೆಗೂ ಸೋಪಿನ ನೀರೇ ಸಾಕು.

ಹಳೆಯ ವಾಸನೆಗೆ

ವಾರ ಕಳೆದ ಮೇಲೆ ಬರುವ ವಾಸನೆಗೆ ಮೊದಲು ಜಾಗ ಹುಡುಕಬೇಕು. ಕಾರನ್ನು ಮುಚ್ಚಿ ಒಂದು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ, ಆಮೇಲೆ ಬಾಗಿಲು ತೆರೆದು ಸೀಟು, ನೆಲಹಾಸು, ಡಿಕ್ಕಿ ಹೀಗೆ ಒಂದೊಂದನ್ನೇ ಮೂಸಿ ನೋಡಬೇಕು. ಆ ಹೊತ್ತಿನಲ್ಲಿ ಮಕ್ಕಳು ಒಳಗೆ ಸೇರಿಕೊಳ್ಳದಂತೆ ಎಚ್ಚರ ಇರಲಿ. ಬಿಸಿಲಿನಲ್ಲಿ ಮುಚ್ಚಿದ ಕಾರು ಪ್ರಾಣ ತೆಗೆಯಬಲ್ಲದು.

ಹೆಚ್ಚಿನವರು ಮರೆಯುವ ಜಾಗಗಳು ಮೂರು. ಒಂದು, ನೆಲಹಾಸಿನ ಕೆಳಗಿನ ದಪ್ಪ ಪದರ. ಮೇಲೆ ಒಣಗಿ ಕಂಡರೂ ಅದು ತಿಂಗಳು ಕಳೆದರೂ ಒದ್ದೆಯಾಗಿಯೇ ಇರಬಹುದು. ಎರಡು, ಸೀಟಿನ ಹಳಿಗಳ ಸಂದು. ಮೂರು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ. ಕ್ಯಾನಿನಿಂದ ತುಳುಕಿದ ಹಾಲು, ಮೀನಿನ ನೀರು ಹರಿದು ಹೋಗಿ ಅಲ್ಲಿಯೇ ನಿಲ್ಲುತ್ತದೆ. ಸ್ಟೆಪ್ನಿ ಎತ್ತಿ ನೋಡದೆ ವಾಸನೆ ಹೋಗಲಿಲ್ಲವೆಂದು ಕೊರಗಿ ಫಲವಿಲ್ಲ.

ಸೀಟನ್ನು ಬಿಚ್ಚಬೇಕಾಗಿ ಬಂದರೆ ಮೆಕ್ಯಾನಿಕ್ಕಿನಿಂದಲೇ ಬಿಚ್ಚಿಸಬೇಕು. ಈಗಿನ ಕಾರುಗಳಲ್ಲಿ ಸೀಟಿನ ಕೆಳಗೆ ಏರ್‌ಬ್ಯಾಗಿನ ವೈರುಗಳಿರುತ್ತವೆ. ಅವನ್ನು ಎಳೆಯುವುದು, ಅಲ್ಲಿಗೆ ನೀರು ಸುರಿಯುವುದು ಅಪಾಯ.

ಒಣಗಿ ಕಚ್ಚಿಕೊಂಡ ಹಾಲಿಗೆ, ಮೊಟ್ಟೆಗೆ ಕಿಣ್ವ ಬೆರೆತ ಬಟ್ಟೆ ಸೋಪಿನ ಪುಡಿ ಒಳ್ಳೆಯದು. ಪೊಟ್ಟಣದ ಮೇಲೆ ಕಿಣ್ವ ಅಥವಾ ಎನ್‌ಜೈಮ್ ಎಂದು ಬರೆದಿರುತ್ತದೆ. ಗೊಬ್ಬರದ ಗುಂಡಿಯಲ್ಲಿ ಕಸ ಕರಗಿಸುವುದೂ ಸೂಕ್ಷ್ಮಜೀವಿಗಳ ಕಿಣ್ವಗಳೇ. ಗುಂಡಿಗೆ ತೇವ, ಹದವಾದ ಬೆಚ್ಚನೆ ಮತ್ತು ಕಾಲಾವಕಾಶ ಬೇಕಾದಂತೆ ಇದಕ್ಕೂ ಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಜಾಗ ನೆನೆಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದೆರಡು ಗಂಟೆ ಬಿಟ್ಟು, ಅನಂತರ ತಣ್ಣೀರಿನಿಂದ ತೆಗೆಯಬೇಕು. ಕುದಿಯುವ ನೀರು ಹಾಕಿದರೆ ಕಿಣ್ವ ನಾಶವಾಗುತ್ತದೆ. ಬಣ್ಣ ಬಿಡುತ್ತದೆಯೇ ಎಂದು ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸುವುದು ಸೂಕ್ತ.

ಹುಳಿಗೆ ಕ್ಷಾರ, ಕ್ಷಾರಕ್ಕೆ ಹುಳಿ

ಹುಳಿ ಮಣ್ಣಿಗೆ ಸುಣ್ಣ ಹಾಕುವ ಕ್ರಮ ರೈತರಿಗೆ ಗೊತ್ತು. ವಾಸನೆಗೂ ಇದೇ ಲೆಕ್ಕ. ಕೆಟ್ಟ ಹಾಲಿನ ವಾಸನೆ ಆಮ್ಲದ್ದು. ಅದಕ್ಕೆ ಅಡುಗೆ ಸೋಡಾ ಸರಿಯಾದ ಮದ್ದು. ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಕರಗಿಸಿ ಒರೆಸಬಹುದು. ಅಥವಾ ತೊಳೆದು ಆರಿದ ಜಾಗಕ್ಕೆ ಪುಡಿಯನ್ನೇ ಉದುರಿಸಿ, ರಾತ್ರಿಯೆಲ್ಲಾ ಬಿಟ್ಟು, ಬೆಳಿಗ್ಗೆ ಗುಡಿಸಿ ತೆಗೆಯಬಹುದು.

ಸಮುದ್ರದ ಮೀನಿನ ವಾಸನೆ ಇದಕ್ಕೆ ವಿರುದ್ಧ. ಅದು ಟ್ರೈಮಿಥೈಲ್ ಅಮೈನ್ ಎಂಬ ಕ್ಷಾರಗುಣದ ವಸ್ತುವಿನಿಂದ ಬರುತ್ತದೆ. ಕರಾವಳಿಯ ಹೆಂಗಸರು ಮೀನು ತೊಳೆದ ಕೈಗೆ ಹುಣಸೆಹಣ್ಣು, ನಿಂಬೆ ಉಜ್ಜುವುದರಲ್ಲಿ ಇದೇ ರಸಾಯನಶಾಸ್ತ್ರವಿದೆ. ಕಾರಿನಲ್ಲಿ ಹುಣಸೆ ಕಲೆ ಮಾಡುತ್ತದೆ, ನಿಂಬೆರಸ ಅಂಟು ಉಳಿಸುತ್ತದೆ. ಆದ್ದರಿಂದ ಒಂದು ಪಾಲು ಬಿಳಿ ವಿನಿಗರಿಗೆ ಎರಡು ಪಾಲು ನೀರು ಬೆರೆಸಿ ಒರೆಸಬೇಕು. ವಿನಿಗರಿನ ವಾಸನೆ ಗಾಳಿಯಾಡಿದರೆ ತಾನಾಗಿ ಹೋಗುತ್ತದೆ.

ಸೋಡಾ ಮತ್ತು ವಿನಿಗರ್ ಎರಡನ್ನೂ ಒಟ್ಟಿಗೆ ಬೆರೆಸಿದರೆ ನೊರೆ ಚೆನ್ನಾಗಿ ಬರುತ್ತದೆ, ಕೆಲಸ ಆಗುವುದಿಲ್ಲ. ಒಂದು ಇನ್ನೊಂದನ್ನು ಕೊಲ್ಲುತ್ತದೆ.

ಈರುಳ್ಳಿ, ಬೆಳ್ಳುಳ್ಳಿಯ ಗಂಧಕದ ವಾಸನೆಗೆ ಸಿಪ್ಪೆ, ಕೊಳೆತ ಗಡ್ಡೆ ಪೂರ್ತಿ ತೆಗೆದು ಗಾಳಿಯಾಡಿಸುವುದೇ ಮುಖ್ಯ. ಉಳಿದದ್ದಕ್ಕೆ ಬಟ್ಟೆಯ ಚೀಲದಲ್ಲಿ ಇದ್ದಿಲು ಕಟ್ಟಿ ಸೀಟಿನ ಕೆಳಗೆ ಇಡಬಹುದು. ತೆಂಗಿನ ಚಿಪ್ಪಿನಿಂದ ತಯಾರಿಸಿದ ಸಕ್ರಿಯ ಇದ್ದಿಲು ಒಲೆಯ ಇದ್ದಿಲಿಗಿಂತ ಬಹಳ ಹೆಚ್ಚು ಹೀರುತ್ತದೆ.

ಒಣಗಿಸುವುದೇ ಕೊನೆಯ ಮದ್ದು

ತೊಳೆದು ಹಸಿಯಾಗಿಯೇ ಬಾಗಿಲು ಮುಚ್ಚಿದರೆ ಒಂದೆರಡು ದಿನಗಳಲ್ಲಿ ಬೂಷ್ಟು ಹಿಡಿದು ಮುಗ್ಗು ವಾಸನೆ ಹೊಸದಾಗಿ ಸೇರುತ್ತದೆ. ಬಿಸಿಲಿರುವ ದಿನ ಬೆಳಿಗ್ಗೆಯೇ ತೊಳೆದು, ನಾಲ್ಕೂ ಬಾಗಿಲು ತೆರೆದು, ನೆಲಹಾಸಿನ ಅಂಚು ಎತ್ತಿ ಕೆಳಗೆ ಕಡ್ಡಿ ಕೊಟ್ಟು ಗಾಳಿಯಾಡಿಸಬೇಕು. ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ನಿಲ್ಲಿಸಿ ಟೇಬಲ್ ಫ್ಯಾನು ಹಚ್ಚಬಹುದು.

ಎ.ಸಿ. ಹಾಕಿದಾಗ ಮಾತ್ರ ವಾಸನೆ ಬಂದರೆ ಗಾಳಿ ಸೋಸುವ ಫಿಲ್ಟರನ್ನು ನೋಡಬೇಕು. ಅನೇಕ ಕಾರುಗಳಲ್ಲಿ ಇದು ಎದುರಿನ ಎಡಗಡೆಯ ಪೆಟ್ಟಿಗೆಯ ಹಿಂದೆ ಇರುತ್ತದೆ. ವಾಸನೆ ಹಿಡಿದ ಫಿಲ್ಟರನ್ನು ಬದಲಿಸುವುದೇ ಲೇಸು. ಮನೆ ತಲುಪುವ ಕೆಲವು ನಿಮಿಷ ಮೊದಲು ಎ.ಸಿ. ನಿಲ್ಲಿಸಿ ಬರೀ ಫ್ಯಾನು ಓಡಿಸಿದರೆ ಒಳಗಿನ ತೇವ ಆರಿ ಬೂಷ್ಟು ಕಡಿಮೆಯಾಗುತ್ತದೆ.

ಮಾಡಬಾರದ ಕೆಲಸಗಳು

ಕಾರಿನೊಳಗೆ ಸಾಂಬ್ರಾಣಿ ಹೊಗೆ, ಕೆಂಡ, ಕರ್ಪೂರ ಹಚ್ಚಬಾರದು. ಬೆಂಕಿಯ ಭಯದ ಜೊತೆಗೆ ಕೆಂಡದಿಂದ ಏಳುವ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಸೀಮೆಎಣ್ಣೆ, ಪೆಟ್ರೋಲಿನಿಂದ ಸೀಟು ಒರೆಸಬಾರದು. ಬ್ಲೀಚಿಂಗ್ ಪುಡಿಯನ್ನು ವಿನಿಗರಿನ ಜೊತೆ ಎಂದೂ ಬೆರೆಸಬಾರದು. ಅದರಿಂದ ಕ್ಲೋರಿನ್ ಅನಿಲ ಹೊರಡುತ್ತದೆ.

ಎಲ್ಲ ವಾಸನೆಯೂ ಊಟದ್ದಲ್ಲ

ಇದನ್ನು ವಿಶೇಷವಾಗಿ ಗಮನಿಸಬೇಕು. ದವಸದ ಹುಳು ಕೊಲ್ಲಲು ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ತಗಲಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದರ ವಾಸನೆ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂತೆ ಇರುತ್ತದೆ. ಬೆಳ್ಳುಳ್ಳಿ, ಮೀನು ಯಾವುದನ್ನೂ ಸಾಗಿಸದ ಕಾರಿನಲ್ಲಿ ಈ ವಾಸನೆ ಬಂದರೆ, ಅದರಲ್ಲೂ ಮಾತ್ರೆ ಹಾಕಿದ ದವಸ ಒಯ್ದಿದ್ದರೆ, ಮೂಸಿ ಹುಡುಕಲು ಹೋಗಬಾರದು. ಎಲ್ಲರೂ ಕೂಡಲೇ ಇಳಿದು, ಬಾಗಿಲು ತೆರೆದಿಟ್ಟು, ಗಾಳಿ ಯಾವ ಕಡೆಯಿಂದ ಬೀಸಿ ಬರುತ್ತದೋ ಆ ಕಡೆಗೆ ದೂರ ಸರಿಯಬೇಕು. ಆ ಜಾಗಕ್ಕೆ ನೀರು ಹಾಕಬಾರದು. ನೀರು ಬಿದ್ದಷ್ಟೂ ಅನಿಲ ಹೆಚ್ಚುತ್ತದೆ. ಉಸಿರುಕಟ್ಟು, ವಾಂತಿ, ತಲೆಸುತ್ತು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ ಮಾತ್ರೆಯ ವಿಷಯ ಹೇಳಬೇಕು. ಇಂಥ ಮಾತ್ರೆಗಳನ್ನೂ, ಬೆಳೆಗೆ ಹೊಡೆಯುವ ಔಷಧಿಯನ್ನೂ ಜನ ಕೂರುವ ಗಾಡಿಯಲ್ಲಿ ಒಯ್ಯಲೇಬಾರದು. ಬೆಳೆ ಔಷಧಿ ಸೀಟಿಗೆ ಚೆಲ್ಲಿದ್ದರೆ ಮೇಲಿನ ಯಾವ ಉಪಾಯವೂ ಸಾಲದು. ಆ ಸ್ಪಂಜು, ನೆಲಹಾಸನ್ನು ತೆಗೆಸಿ ಹೊಸದು ಹಾಕಿಸುವುದೇ ದಾರಿ.

ಬರುವ ಮೊದಲೇ ತಡೆಯಿರಿ

ಡಿಕ್ಕಿಯಲ್ಲಿ ಅಂಚು ಎತ್ತರವಿರುವ ಪ್ಲಾಸ್ಟಿಕ್ ತಟ್ಟೆ ಅಥವಾ ಮಡಿಚಿದ ಟಾರ್ಪಾಲು ಹಾಸಿ, ಅದರ ಮೇಲೆ ಹಾಲಿನ ಕ್ಯಾನನ್ನು ಉರುಳದಂತೆ ಹಗ್ಗದಿಂದ ಕಟ್ಟಬೇಕು. ಮುಚ್ಚಳದ ರಬ್ಬರು ಸವೆದಿದ್ದರೆ ಬದಲಿಸಬೇಕು. ಮೀನನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಯೇ ತರಬೇಕು. ಸಂತೆಯಿಂದ ಬಂದ ಸಂಜೆ ಟಾರ್ಪಾಲು ಹೊರಗೆ ತೆಗೆದು ತೊಳೆದು ಒಣಹಾಕಿ, ಉದುರಿದ ಕಾಳು, ಸಿಪ್ಪೆ ಗುಡಿಸಬೇಕು. ಇಲಿಗೆ ಒಳಗೆ ಬರಲು ಕಾರಣವೇ ಇರುವುದಿಲ್ಲ.

ದಿನಕ್ಕೆ ಐದು ನಿಮಿಷದ ಈ ಕೆಲಸ ರೂಢಿಯಾದರೆ, ಬೆಳಿಗ್ಗೆ ಹಾಲು ಹೊತ್ತ ಕಾರಿನಲ್ಲಿಯೇ ಸಂಜೆ ಮನೆಮಂದಿ ಮೂಗು ಮುಚ್ಚದೆ ಮದುವೆಗೆ ಹೋಗಿಬರಬಹುದು.