ವಲಸೆ ಕುಟುಂಬಗಳ ಮಕ್ಕಳು ಹಾಗೂ ಶಾಲೆ

ಹುಣಸೂರು, ಪಿರಿಯಾಪಟ್ಟಣ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಾಡಿಗಳಿಂದ ಜೇನುಕುರುಬ, ಯರವ ಮುಂತಾದ ಕುಟುಂಬಗಳು ಕಾಫಿ ಕೊಯ್ಲಿಗಾಗಿ ಕೊಡಗಿನ ತೋಟಗಳಿಗೆ ತೆರಳುವುದುಂಟು. ಚಳಿಗಾಲದ ಈ ಕೊಯ್ಲು ಶಾಲಾ ವರ್ಷದ ನಡುವೆಯೇ ಬರುವುದರಿಂದ ಮಕ್ಕಳ ಕಲಿಕೆಯು ಅರ್ಧಕ್ಕೇ ನಿಲ್ಲುವ ಸಂಭವವಿರುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ, 2009ರನ್ವಯ 6ರಿಂದ 14 ವರ್ಷದ ಮಕ್ಕಳಿಗೆ ಇರುವ ಹಕ್ಕುಗಳು:

1. ಮುಖ್ಯ ಶಿಕ್ಷಕರು ವರ್ಗಾವಣೆ ಪತ್ರವನ್ನು ಕೂಡಲೇ ನೀಡತಕ್ಕದ್ದು. ಪತ್ರ ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆಯು ಪ್ರವೇಶ ನಿರಾಕರಿಸುವಂತಿಲ್ಲ.
2. ವಯಸ್ಸಿನ ದಾಖಲೆ ಇಲ್ಲವೆಂದೂ ಪ್ರವೇಶ ನಿರಾಕರಿಸುವಂತಿಲ್ಲ.
3. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿ ನೀಡತಕ್ಕದ್ದು.

ದಾಖಲಾತಿಯಿಂದಷ್ಟೇ ಮಗು ಹೊಸ ಶಾಲೆಗೆ ಹೊಂದಿಕೊಳ್ಳುವುದಿಲ್ಲ. ಎಲ್ಲಿಗೆ, ಎಷ್ಟು ದಿನಕ್ಕೆ ಹೋಗುವುದೆಂದು ಪೋಷಕರು ಮೊದಲೇ ತಿಳಿಸಬೇಕು. ಒಡಹುಟ್ಟಿದವರನ್ನು ಒಂದೇ ಶಾಲೆಗೆ ಸೇರಿಸುವುದು ಒಳಿತು. ಹಾಡಿಯ ಮಾತನ್ನು ತರಗತಿಯಲ್ಲಿ ಯಾರೂ ಹಾಸ್ಯ ಮಾಡದಂತೆ ಶಿಕ್ಷಕರು ನೋಡಿಕೊಳ್ಳಬೇಕು. ಮಾತಿಗೆ ನಾಚಿದ ಮಗು ಕ್ರಮೇಣ ಶಾಲೆಗೇ ಬಾರದಾಗುತ್ತದೆ. ಮಗುವನ್ನು ಆಶ್ರಮ ಶಾಲೆಯಲ್ಲಿ ಬಿಟ್ಟು ಹೋಗುವ ಪೋಷಕರು ಆಗಾಗ್ಗೆ ಬಂದು ಕಾಣುವುದು ಅವಶ್ಯಕ.

ಹೆಚ್ಚಿನ ಮಾಹಿತಿಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳನ್ನು ಸಂಪರ್ಕಿಸಬಹುದಾಗಿದೆ.