ಹೊರಗೆ ಸೋನೆ, ಒಳಗೆ ಡ್ರಿಪ್ಪು

ಸೋನೆ ಹಿಡಿದು ಅದು ಮೂರನೇ ದಿನ. ಭಾವ ಕೊಡೆ ಮಡಿಸಿ ಬಾಗಿಲಿಗೆ ಒರಗಿಸಿದರು, ನೆನೆದ ಲುಂಗಿಯ ಅಂಚು ಹಿಂಡಿಕೊಂಡರು, ಆಮೇಲೆ ಹೋಗಿ ಗಿಡಗಳಿಗೆ ನೀರು ಬಿಟ್ಟರು.

ಗೋಣಿಚೀಲ ತಲೆಗೆ ಹಾಕಿಕೊಂಡು ಡೇರಿಗೆ ಹಾಲು ಹೊತ್ತಿದ್ದ ಒಬ್ಬರು ಮೋಟರಿನ ಸದ್ದಿಗೆ ನಿಂತರು. “ಈ ಮಳೇಲೂ ನೀರ್ ಬಿಡ್ತೀರಲ್ಲ, ಏನ್ ಗ್ರಾಚಾರನಪ್ಪ ನಿಮ್ದು!” ಎಂದು ನಕ್ಕು ಮುಂದಕ್ಕೆ ಹೋದರು. ಭಾವನೂ ನಕ್ಕರು. “ದಿನಾ ಯಾರಾದ್ರೂ ಒಬ್ರು ಹೇಳ್ತಾರೆ ಕಣಪ್ಪ. ಹೇಳ್ದಿದ್ರೆ ನಂಗೇ ಒಂಥರಾ ಆಗುತ್ತೆ.”

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೋಗುವಾಗ ಹೆದ್ದಾರಿಯ ಮೇಲೆಯೇ ಸಿಗುವ ಊರು ಕಂಪಲಾಪುರ. ಮೈಸೂರಿನಿಂದ ಮಡಿಕೇರಿಗೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿಯೇ ಇರುತ್ತೀರಿ. ಜುಲೈ ತಿಂಗಳಲ್ಲಿ ಇಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಹೊಗೆಸೊಪ್ಪು. ಬುಡದ ಎಲೆಗಳು ಬಲಿತು ಹಳದಿಗೆ ತಿರುಗುತ್ತಿರುತ್ತವೆ. ಸೊಪ್ಪು ಮುರಿದು ತಂದು ಕಡ್ಡಿಗೆ ಕಟ್ಟಿ, ಬಿಸಿಯಲ್ಲಿ ಒಣಗಿಸುವ ಬ್ಯಾರನ್ನಿಗೆ ಏರಿಸುವ ಕೆಲಸ ಆಗತಾನೇ ಶುರು. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇರುವ ಊರು ಇದು. ಮದುವೆಯ ದಿನ ಗೊತ್ತು ಮಾಡುವಾಗಲೂ ಸಾಲ ತೀರಿಸುವ ಮಾತಾಡುವಾಗಲೂ “ಸೊಪ್ಪಿನ ದುಡ್ಡು ಬರಲಿ” ಎನ್ನುವುದು ಇಲ್ಲಿ ರೂಢಿ.

ಆ ಹಸಿರಿನ ನಡುವೆ ಭಾವನ ಹತ್ತು ಗುಂಟೆಯ ಹಸಿರುಮನೆ ಹಾಲುಬಣ್ಣದ ದೊಡ್ಡ ಗುಳ್ಳೆಯ ಹಾಗೆ ಕಾಣುತ್ತದೆ. ಊರಿನವರ ಬಾಯಲ್ಲಿ ಅದು ‘ಪಾಲಿಹೌಸು’. ಅಕ್ಕನ ಬಾಯಲ್ಲಿ ಬರೀ ‘ಮನೆ’. ಹಾಗಾಗಿ “ಮನೇಲಿದ್ದಾರೆ” ಎಂದರೆ ಯಾವ ಮನೆ ಎಂದು ಕೇಳಬೇಕು. ಕಬ್ಬಿಣದ ಪೈಪಿನ ಅಸ್ಥಿಪಂಜರ, ಮೇಲೆ 200 ಮೈಕ್ರಾನ್ ದಪ್ಪದ ಹಾಳೆ, ಸುತ್ತ ಬಿಳಿನೊಣ ತೂರದಷ್ಟು ಸಣ್ಣ ಕಣ್ಣಿನ ಬಲೆ, ಬಲೆಯ ಹೊರಗೆ ಸುತ್ತಿ ಮೇಲೇರಿಸುವ ಪರದೆ. ಸರ್ಕಾರದ ಸಹಾಯಧನ ಅರ್ಧ, ಸೊಪ್ಪಿನ ದುಡ್ಡು ಅರ್ಧ. ಮೊದಲ ಹಾಳೆಯನ್ನು ಒಂದು ಏಪ್ರಿಲ್ ಸಂಜೆಯ ಗಾಳಿ ಹರಿದು ಹಾಕಿತ್ತು, ಈಗಿರುವುದು ಎರಡನೆಯದು.

ಒಳಗೆ ಕಾಲಿಟ್ಟರೆ ಮಳೆ ಸದ್ದಾಗಿ ಮಾತ್ರ ಉಳಿಯುತ್ತದೆ. ತಲೆಯ ಮೇಲೆ ಹುರಿಗಡಲೆ ಹುರಿಯುವ ಹಾಗೆ ಪಟಪಟ. ಕಾಲ ಕೆಳಗಿನ ಮಣ್ಣು ಬೆಚ್ಚಗೆ, ಒಣ. ಎರಡೆರಡು ಸಾಲಿನ ಮಡಿಗಳಲ್ಲಿ ಸುಮಾರು 2,400 ಟೊಮೇಟೊ ಗಿಡ, ಒಂದೊಂದಕ್ಕೂ ಮೇಲಿನ ತಂತಿಯಿಂದ ಇಳಿಬಿಟ್ಟ ಒಂದೊಂದು ದಾರ. ಗಿಡ ಆ ದಾರ ಸುತ್ತಿಕೊಂಡು ಆಳೆತ್ತರ ಮೀರಿದೆ. ಬಗಲ ಕುಡಿ ಚಿವುಟುತ್ತಾ ಒಂದೇ ಕಾಂಡ ಉಳಿಸುತ್ತಾ ಬಂದರೆ ಈ ತಳಿಗಳು ತಿಂಗಳುಗಟ್ಟಲೆ ಏರುತ್ತಲೇ ಇರುತ್ತವೆ. ಹಿಂದಿನವರು ಟೊಮೇಟೊಗೆ ಚಪ್ಪರಬದನೆ ಎನ್ನುತ್ತಿದ್ದರು. ಹೊಲದಲ್ಲಿ ಮಗ್ಗುಲಾಗಿ ಮಲಗುವ ಗಿಡಕ್ಕೆ ಯಾಕಪ್ಪ ಆ ಹೆಸರು ಎಂದು ನನಗೆ ಅನಿಸುತ್ತಿತ್ತು. ಇಲ್ಲಿ ನೋಡಿದ ಮೇಲೆ ಒಪ್ಪಿಕೊಂಡೆ.

ನಡುಗಂಬದಲ್ಲಿ ಒಂದು ಹಳೆಯ ಥರ್ಮಾಮೀಟರ್ ತೂಗುತ್ತಿದೆ. ಹೊಸದಲ್ಲ, ಬ್ಯಾರನ್ನಿನದು, ಹೊಗೆ ಹಿಡಿದು ಕಂದಾಗಿದೆ, ಅಂಕಿ ಫ್ಯಾರನ್‌ಹೀಟಿನವು. ಇಪ್ಪತ್ತು ವರ್ಷ ಭಾವ ಬ್ಯಾರನ್ನಿನ ಮುಂದೆ ರಾತ್ರಿ ನಿದ್ದೆಗೆಟ್ಟು ಆ ಕಡ್ಡಿಯನ್ನೇ ನೋಡಿದವರು. ಸೊಪ್ಪು ಹಳದಿಗೆ ತಿರುಗಲು ಎಷ್ಟು, ಬಣ್ಣ ನಿಲ್ಲಲು ಎಷ್ಟು, ಕೊನೆಗೆ ದಂಟು ಒಣಗಲು 160ಕ್ಕೆ ಯಾವಾಗ ಏರಿಸಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. “ತೊಂಬತ್ತೈದು ಅಂದ್ರೆ ಸೊಪ್ಪಿಗೆ ಹಳದಿ ಹದ. ಟಮಟೆಗೆ ತೊಂಬತ್ತೈದು ಅಂದ್ರೆ ಹೂವು ಉದುರ್ತು ಅಂತ ಲೆಕ್ಕ” ಎಂದರು. ಸೆಲ್ಸಿಯಸ್ಸಿನಲ್ಲಿ ಅದು 35. ಅಷ್ಟು ಬಿಸಿಗೆ ಪರಾಗ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಪರದೆಯನ್ನೆಲ್ಲ ಮೇಲೆತ್ತಿ, ಮೇಲೆ ನೆರಳಿನ ಬಲೆ ಎಳೆದರೂ ಈ ಕಡ್ಡಿ ಅವರನ್ನು ಹೆದರಿಸುತ್ತದಂತೆ.

ಈಗ ನೀರಿಗೆ ಬರೋಣ. ಇಲ್ಲಿನ ನಿಜವಾದ ಕಸುಬು ಅದೇ. ಬೋರ್‌ವೆಲ್ಲಿಗೆ ತ್ರೀ ಫೇಸ್ ಕರೆಂಟು ಬರುವುದು ಅದಕ್ಕೆ ಇಷ್ಟವಾದ ಹೊತ್ತಿನಲ್ಲಿ, ಹೆಚ್ಚಾಗಿ ಊರು ಮಲಗಿದ ಮೇಲೆ. ಆಗ 5,000 ಲೀಟರಿನ ತೊಟ್ಟಿ ತುಂಬಿಸಿಟ್ಟುಕೊಂಡು, ಹಗಲು ಚಿಕ್ಕ ಮೋಟರಿನಲ್ಲಿ ಡ್ರಿಪ್ಪಿಗೆ ಬಿಡುತ್ತಾರೆ. ಗಿಡಕ್ಕೊಂದು ತೂತು, ತೂತಿಗೆ ಗಂಟೆಗೆ ಎರಡು ಲೀಟರು. ಚೆನ್ನಾಗಿ ಬಿಸಿಲಿದ್ದ ದಿನ, ಕಾಯಿ ತುಂಬಿದ ಗಿಡ ಎರಡು ಲೀಟರ್ ಕುಡಿಯುತ್ತದೆ. ಇಡೀ ತೊಟ್ಟಿ ಹೆಚ್ಚುಕಮ್ಮಿ ಖಾಲಿ. ಮೋಡದ ದಿನ ಮುಕ್ಕಾಲು ಲೀಟರ್ ಸಾಕು. ಮಳೆ ಒಳಗೆ ಬೀಳದಿದ್ದರೂ ಮೋಡ ಒಳಕ್ಕೆ ಬರುತ್ತದೆ: ಬೆಳಕು ಕಡಿಮೆಯಾದರೆ ಎಲೆಯಿಂದ ನೀರು ಆರುವುದು ಕಡಿಮೆ, ಆಗ ಬೇರು ಎಳೆದುಕೊಳ್ಳುವುದೂ ಕಡಿಮೆ. ಆ ದಿನ ಭಾವ ಬಿಡಬೇಕೆಂದಿದ್ದು ಬೆಳಿಗ್ಗೆ ಹನ್ನೆರಡು ನಿಮಿಷ, ಮಧ್ಯಾಹ್ನ ಹತ್ತು. ಅಷ್ಟೇ.

ಈ ಲೆಕ್ಕ ಅವರಿಗೆ ಬಂದಿದ್ದು ಪೆಟ್ಟು ತಿಂದು. ಮೊದಲ ವರ್ಷ ದಿನಕ್ಕೊಂದು ಗಂಟೆ ಎಂದು ಯಾರೋ ಹೇಳಿದ್ದನ್ನೇ ಹಿಡಿದು ಕೂತರು. ಮೋಡದ ವಾರದಲ್ಲಿ ಬೇರು ಉಸಿರುಕಟ್ಟಿ ಎಲೆ ಹಳದಿಯಾಯಿತು. ಗಾಬರಿಯಾಗಿ ಪೂರ್ತಿ ನಿಲ್ಲಿಸಿದರು. ಆಮೇಲೆ ಒಮ್ಮೆಲೇ ಬಿಸಿಲು ಬಂತು, ಗಿಡ ಬಾಡಿತು, ಓಡಿಹೋಗಿ ಎರಡು ಗಂಟೆ ನೀರು ಬಿಟ್ಟರು. ಎರಡೇ ದಿನದಲ್ಲಿ ಕೆಂಪಗಾಗುತ್ತಿದ್ದ ಹಣ್ಣೆಲ್ಲ ತೊಟ್ಟಿನ ಸುತ್ತ ಸೀಳಿಕೊಂಡಿತು. ಒಳಗಿನ ತಿರುಳು ಉಬ್ಬಿದ ವೇಗಕ್ಕೆ ಸಿಪ್ಪೆ ಹಿಗ್ಗಲಾರದು. ಇನ್ನು ಹಸಿರು ಕಾಯಿಗಳ ತಳ ಕಪ್ಪಗೆ, ಒಂದು ರೂಪಾಯಿಯಗಲ, ಚಕ್ಕಳದ ಹಾಗೆ ಕುಳಿಬಿತ್ತು. ರೋಗವೆಂದು ಔಷಧಿ ಹೊಡೆದದ್ದೇ ಹೊಡೆದದ್ದು. ಅದು ರೋಗವೇ ಅಲ್ಲ, ಕಾಯಿಯ ತುದಿಗೆ ಸುಣ್ಣದಂಶ ಮುಟ್ಟದೆ ಆಗುವ ಕೊರತೆ. ಸುಣ್ಣದಂಶ ಹೋಗುವುದು ನೀರಿನ ಜೊತೆಯಲ್ಲಿ. ನೀರು ಏರುಪೇರಾದರೆ ಮಣ್ಣಲ್ಲಿ ಎಷ್ಟಿದ್ದರೂ ತುದಿಯವರೆಗೆ ತಲುಪದು.

ಈಗ ಬೆಳಗಾಗುತ್ತಲೇ ಭಾವ ನೋಡುವುದು ಎರಡು. ಎಲೆಯ ಅಂಚಿನಲ್ಲಿ ಮಣಿ ಪೋಣಿಸಿದ ಹಾಗೆ ಹನಿ ನಿಂತಿದೆಯೇ ಎಂಬುದು ಮೊದಲನೆಯದು. ಅದು ಇಬ್ಬನಿಯಲ್ಲ, ಬೇರು ರಾತ್ರಿ ತಳ್ಳಿದ ನೀರು; ಇದ್ದರೆ ಬೇರಿಗೆ ಸಾಕಷ್ಟಿದೆ ಎಂದರ್ಥ. ಎರಡನೆಯದು, ಗಿಡದ ಪಕ್ಕ ಗೇಣುದ್ದ ಬಗೆದು ತೆಗೆದ ಹಿಡಿ ಮಣ್ಣು. ಮುಷ್ಟಿಯಲ್ಲಿ ಹಿಸುಕಿದರೆ ಮುದ್ದೆಯ ಹಾಗೆ ಕೂಡಿಕೊಳ್ಳಬೇಕು, ಅಂಗೈಗೆ ನೀರು ಹತ್ತಬಾರದು. ತೇವ ಅಳೆಯುವ ಯಂತ್ರಗಳು ಅಂಗಡಿಯಲ್ಲಿವೆ, ಒಂದನ್ನು ತಂದೂ ಇದ್ದಾರೆ. ಅದು ಮೊಮ್ಮಗನ ಆಟಿಕೆಯ ಡಬ್ಬಿಯಲ್ಲಿದೆ.

ಹತ್ತು ಗಂಟೆಯ ಹೊತ್ತಿಗೆ ಅಕ್ಕ ಒಂದು ಬಿದಿರುಕಡ್ಡಿ ಹಿಡಿದು ಬಂದಳು. ಸಾಲಿನಿಂದ ಸಾಲಿಗೆ ನಡೆಯುತ್ತಾ ಮೇಲಿನ ತಂತಿಗೆ ಟಕ್ ಟಕ್ ಎಂದು ಬಡಿಯುತ್ತಾಳೆ. ದಾರ ನಡುಗುತ್ತದೆ, ಗಿಡ ನಡುಗುತ್ತದೆ, ಹಳದಿ ಹೂಗಳು ತಲೆದೂಗುತ್ತವೆ. “ಇಲ್ಲಿ ಗಾಳಿ ಇಲ್ಲ, ದುಂಬಿ ಇಲ್ಲ. ಅವುಗಳ ಕೆಲಸಾನೂ ನಮ್ದೇ ಕಣೋ” ಎಂದಳು. ಟೊಮೇಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ, ಆದರೆ ಯಾರಾದರೂ ಅಲುಗಿಸಿದರೇ ಪರಾಗ ಉದುರುವುದು. ಹೊಲದಲ್ಲಾದರೆ ಗಾಳಿ ಅಲುಗಿಸುತ್ತದೆ, ದುಂಬಿ ಹೂವಿಗೆ ಜೋತುಬಿದ್ದು ಗುಂಯ್ ಎಂದು ನಡುಗಿಸುತ್ತದೆ. ಒಳಗಿನ ತೇವ ಆರುವ ಮುಂಚೆ ಬಡಿದರೆ ಪರಾಗ ಅಂಟಿಕೊಂಡೇ ಇರುತ್ತದೆ. ಅದಕ್ಕೇ ಹತ್ತು ಗಂಟೆ. ನಾನೂ ಒಂದು ಸಾಲು ಬಡಿದೆ. ಜೋರಾಯಿತು ಎಂದು ಬೈಸಿಕೊಂಡೆ.

ಬಾಗಿಲ ವಿಷಯ ಬಿಟ್ಟಿದ್ದೆ. ಒಂದರ ಹಿಂದೊಂದು ಎರಡು ಬಾಗಿಲು, ನಡುವೆ ಒಂದು ಬಕೆಟ್ಟು, ಒಂದು ಸೋಪು. ಹಾಲಿನವರಿರಲಿ, ಅಧಿಕಾರಿಗಳಿರಲಿ, ಕೈ ತೊಳೆಯದೆ ಒಳಗೆ ಬಿಡುವುದಿಲ್ಲ. ಕಂಪಲಾಪುರದಲ್ಲಿ ಇದಕ್ಕೆ ಬೇರೆ ಊರಿಗಿಂತ ಹೆಚ್ಚು ಅರ್ಥವಿದೆ. ಹೊಗೆಸೊಪ್ಪೂ ಟೊಮೇಟೊವೂ ಬದನೆಯ ಕುಲದವು, ಎರಡೂ ಅಮೆರಿಕದಿಂದ ಸಮುದ್ರ ದಾಟಿ ಬಂದವು. ನೆಂಟರ ಕಾಯಿಲೆ ನೆಂಟರಿಗೆ ಬೇಗ ಅಂಟುತ್ತದೆ. ಎಲೆಯ ಮೇಲೆ ಹಸಿರು–ಹಳದಿ ಮಚ್ಚೆ ಮೂಡಿಸುವ ಮೊಸಾಯಿಕ್ ನಂಜು ಮೊದಲು ಸಿಕ್ಕಿದ್ದೇ ಹೊಗೆಸೊಪ್ಪಿನಲ್ಲಿ. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ, 1898ರಲ್ಲಿ ಹಾಲೆಂಡಿನ ಬೈಜೆರಿಂಕ್ ಅದರ ಬೆನ್ನು ಹತ್ತಿದ್ದರಿಂದಲೇ ವೈರಸ್ ಎಂಬುದೊಂದು ಇದೆ ಎಂದು ಲೋಕಕ್ಕೆ ತಿಳಿದದ್ದು. ಅದು ಬ್ಯಾರನ್ನಿನ 160 ಡಿಗ್ರಿಗೂ ಸಾಯುವಂಥದ್ದಲ್ಲ. ಒಣಗಿದ ಸೊಪ್ಪಿನಲ್ಲಿ, ಬೀಡಿಯ ಪುಡಿಯಲ್ಲಿ, ಸೇದಿದವರ ಬೆರಳಿನಲ್ಲಿ ಕೂತೇ ಇರುತ್ತದೆ. ಕುಡಿ ಚಿವುಟುವ ಕೈಯೇ ಸಾಲಿನುದ್ದಕ್ಕೂ ಅದನ್ನು ಹಂಚುತ್ತದೆ. ಈ ನಂಜನ್ನು ತಡೆಯುವ ತಳಿಗಳು ಬಂದಿವೆ. ಭಾವ ಅಂಥದ್ದನ್ನೇ ಹಾಕಿದ್ದರೂ ಸೋಪನ್ನು ಎತ್ತಿಟ್ಟಿಲ್ಲ. ಹೊಲದಲ್ಲಿ ಸೊಪ್ಪು ಮುರಿದ ದಿನ ಅವರೇ ಸ್ನಾನ ಮಾಡದೆ ಒಳಗೆ ಹೋಗುವುದಿಲ್ಲ. ಹೌದು, ಎರಡು ಎಕರೆ ಸೊಪ್ಪು ಈಗಲೂ ಇದೆ. ಬ್ಯಾರನ್ನಿನ ಲೈಸೆನ್ಸ್ ಬಿಟ್ಟುಕೊಡುವಷ್ಟು ಧೈರ್ಯ ಟೊಮೇಟೊ ಇನ್ನೂ ಕೊಟ್ಟಿಲ್ಲ.

ಕೊಡುವ ಬೆಳೆಯೂ ಅದಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿದ್ದು, ಸೆಪ್ಟೆಂಬರಿಗೆ ಬೀದಿಗೆ ಸುರಿಯುವ ಸ್ಥಿತಿ ಬಂದದ್ದು ಎಲ್ಲರಿಗೂ ನೆನಪಿದೆ. ಬಯಲಿನ ಟೊಮೇಟೊ ಅಗ್ಗವಾದಾಗ ಹಸಿರುಮನೆಯ ಖರ್ಚು ಹುಟ್ಟುವುದಿಲ್ಲ. ಅದಕ್ಕೇ ಸುತ್ತಮುತ್ತ ಹಸಿರುಮನೆ ಹಾಕಿದವರು ದೊಣ್ಣೆಮೆಣಸು, ಸೌತೆಗೆ ಹೋಗುತ್ತಾರೆ. ಭಾವನ ಲೆಕ್ಕ ಮಳೆಗಾಲದ ಈ ಎರಡು ಮೂರು ತಿಂಗಳದ್ದು. ಹೊರಗಿನ ಗಿಡಕ್ಕೆ ಸೋನೆಯಲ್ಲಿ ಅಂಗಮಾರಿ ಬಂದು ಎಲೆ ಸುಟ್ಟಂತಾಗುವಾಗ ಒಳಗಿನ ಎಲೆ ಮಳೆಗೆ ನೆನೆಯದೆ ಇರುತ್ತದೆ. ಆಗ ಹಣ್ಣಿಟ್ಟುಕೊಂಡವರು ಗೆದ್ದರು, ಉಳಿದ ತಿಂಗಳು ಅಸಲು ಬಂದರೆ ಪುಣ್ಯ. ನನ್ನ ಅಭಿಪ್ರಾಯವೂ ಅಷ್ಟೇ: ವರ್ಷವಿಡೀ ಟೊಮೇಟೊ ಎಂದು ಸಾಲ ಮಾಡಿ ಹಸಿರುಮನೆ ಕಟ್ಟುವವರು ಇನ್ನೊಮ್ಮೆ ಯೋಚಿಸಲಿ.

ಮಧ್ಯಾಹ್ನ ಬೆಟ್ಟದಪುರದ ಕಡೆ ಮೋಡ ಸ್ವಲ್ಪ ಬಿರಿದು ಹಾಳೆಯ ಮೇಲೆ ಬಿಸಿಲು ಬಿತ್ತು. ಊಟಕ್ಕೆ ಕೂತಿದ್ದ ಭಾವ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕಿಟಕಿಯ ಕಡೆ ನೋಡಿದರು. “ಇನ್ನೈದು ನಿಮಿಷ ಜಾಸ್ತಿ ಬಿಡ್ಬೇಕು” ಎಂದು ತಮಗೆ ತಾವೇ ಹೇಳಿಕೊಂಡು ಎದ್ದೇ ಬಿಟ್ಟರು.

ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡುವ ಮನಸ್ಸಾದರೆ ಬನ್ನಿ, ಬೇಡ ಎನ್ನುವುದಿಲ್ಲ. ಜೇಬಿನ ಬೀಡಿ ಹೊರಗಿಡಿ. ಸೋಪು ಬಾಗಿಲ ಹತ್ತಿರವೇ ಇದೆ.